ಹದಿನಾಲ್ಕನೇ ಕೋಣೆಯ ಬೀಗದಕೈ

ಬ್ರನೋ ಊರಿನ ಸಂಗೀತಶಾಲೆಯ ಬಾಗಿಲಲ್ಲಿ
ಗಾಜಿನ ಗೂಡೊಳಗೆ ಕೂತು
ಇಪ್ಪತ್ತಾರು ವರ್ಷದಿಂದ ಬೀಗದಕೈ ಕೊಡುತ್ತೇನೆ.
ಹೆಸರು, ಕೋಣೆ, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು:
ನನಗೆ ಗೊತ್ತಿರುವ ಸಂಗೀತ ಇಷ್ಟೇ.
ಉಳಿದದ್ದು ಗೋಡೆಯಾಚೆಯಿಂದ ಕೇಳಿಸಿದ್ದು.

ಫೆಬ್ರವರಿಯಲ್ಲಿ ಬಂದಳು, ಕೆಂಪು ಮೂಗಿನವಳು,
ಒಂದೇ ಸೆಮಿಸ್ಟರಿಗೆಂದು, ಬೊಲಿವಿಯಾದಿಂದ.
ಎಲ್ಸಿರಾ ತಿಕೋನಾ ಎಂದಳು.
ರೂಢಿಯ ಕೈ ತಿಕೋನೊವಾ ಎಂದು ಬರೆಯಿತು;
ನಮ್ಮಲ್ಲಿ ಹೆಣ್ಣಿನ ಹೆಸರಿಗೊಂದು ಬಾಲ ಬೇಕು.
ಪೆನ್ನು ಇಸಿದುಕೊಂಡು ಬಾಲ ಹೊಡೆದುಹಾಕಿದಳು,
ನಗುತ್ತಲೇ. ಅಲ್ಲಿಂದಾಚೆ ದಿನಾ
ನಾನು ಬಾಲ ಬರೆಯುವುದು, ಅವಳು ಹೊಡೆಯುವುದು.

ಅವಳದ್ದು ಓಬೋ. ನೋಡಲು ಒಂದು ಕರಿ ಕೋಲು,
ತುದಿಗೆ ಜೊಂಡಿನ ಎರಡು ಸೀಳು, ಉಗುರಿಗಿಂತ ತೆಳು,
ನೂಲು ಸುತ್ತಿ ಬಿಗಿದದ್ದು.
ಊರಿಂದ ಮೂವತ್ತು ತಂದಿದ್ದಳು, ಮಾತ್ರೆ ಡಬ್ಬಿಯಲ್ಲಿ.
ಒಂದೂ ಹಾಡಲಿಲ್ಲ.
"ಅಲ್ಲಿ ಗಾಳಿ ತೆಳು, ಅಜ್ಜೀ," ಅಂದಳು ಮುರುಕು ಚೆಕ್ಕಿನಲ್ಲಿ,
"ಮೋಡಕ್ಕಿಂತ ಮೇಲೆ ನಮ್ಮ ಮನೆ.
ಆ ಗಾಳಿಗೆ ಕೆತ್ತಿದವು ಇವು. ನಿಮ್ಮದು ಗಂಜಿ."
ಅಜ್ಜಿ ಅಂದದ್ದಕ್ಕೆ ಎರಡು ದಿನ ಮುನಿಸಿಕೊಂಡಿದ್ದೆ.

ಮೇಷ್ಟ್ರು ಹ್ರುಬೆಶ್ ಮೂವತ್ತನ್ನೂ ಕಸದ ಬುಟ್ಟಿಗೆ ಹಾಕಿಸಿ
ಚಾಕು ಕೊಟ್ಟರಂತೆ: ಮೊದಲು ಕೆತ್ತು, ಆಮೇಲೆ ಊದು.
ಮಾರ್ಚ್ ಇಡೀ ಹದಿನಾಲ್ಕನೇ ಕೋಣೆಯಲ್ಲಿ ಸಂಗೀತವಿಲ್ಲ,
ಬರೀ ಕರ ಕರ, ಇಲಿ ಕಡಿದಂತೆ,
ನಡುನಡುವೆ ಒಂದು ಕಾಗೆ.
ಬರಿ ಜೊಂಡನ್ನು ಊದಿದರೆ ಕಾಗೆ ಕೂಗಬೇಕು,
ಆಗ ಹದ ಬಂದಂತೆ ಅಂತೆ.
ಪಿಯಾನೋ ಹುಡುಗರು ದೂರು ತಂದರು.
ಬರೆದುಕೊಂಡೆ: ಕೋಣೆ ೧೪, ಕಾಗೆ.

ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬಂದ ದಿನ
ಗಂಡನ ಸಾಣೆಕಲ್ಲು ತಂದುಕೊಟ್ಟೆ.
ಅವನು ಚಕ್ಕಳ ಕತ್ತರಿಸುತ್ತಿದ್ದವ,
ಮೊಂಡು ಚಾಕುವೇ ಕೈ ಕುಯ್ಯುವುದು ಎನ್ನುತ್ತಿದ್ದ.

ಭಾನುವಾರ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ
ಸ್ಪ್ಯಾನಿಷ್ಷೂ ಅಲ್ಲದ ಯಾವುದೋ ಮಾತು, ಗಂಟಲಾಳದ್ದು.
ನನಗೆ ತಿಳಿಯುತ್ತಿದ್ದದ್ದು ಒಂದೇ ಪದ, ಬ್ರನೋ.
ಅದನ್ನು ಬೈಗುಳದಂತೆ ಹೇಳುತ್ತಿದ್ದಳು,
ಏಪ್ರಿಲ್ ಕಳೆದ ಮೇಲೆ ಅಷ್ಟಿಲ್ಲ.

ಮೇ ತಿಂಗಳ ಕಛೇರಿಗೆ ಗೂಡಿಗೆ ಬೀಗ ಜಡಿದು ಹೋದೆ,
ಬಾಗಿಲ ಬಳಿ ನಿಂತೆ. ಏನು ನುಡಿಸಿದರೋ ನೆನಪಿಲ್ಲ.
ಅದಕ್ಕೂ ಮೊದಲು ಎಲ್ಲರೂ ಸುಮ್ಮನಾದರು.
ಅವಳೊಬ್ಬಳೇ ಒಂದು ಸ್ವರ ಹಿಡಿದಳು, ನೆಟ್ಟಗೆ,
ಅಡಿಕೋಲಿಟ್ಟು ಗೆರೆ ಎಳೆದ ಹಾಗೆ.
ಪಿಟೀಲಿನವರೆಲ್ಲ ಬಿರಡೆ ತಿರುಚಿ ತಿರುಚಿ
ಆ ಗೆರೆಯ ಮೇಲೆ ಬಂದು ಕೂತರು.
ಶ್ರುತಿ ಕೊಡುವುದು ಓಬೋದ ಕೆಲಸವಂತೆ, ಎಲ್ಲೆಡೆಯೂ.
ಇಪ್ಪತ್ತಾರು ವರ್ಷ, ನನಗೆ ಯಾರೂ ಹೇಳಿರಲಿಲ್ಲ.

ಜೂನ್ ಕೊನೆಗೆ ಹೋದಳು. ಬೀಗದಕೈ ಜೇಬಿನಲ್ಲೇ ಹೋಯಿತು,
ಸಾಣೆಕಲ್ಲೂ.
ಹೊರಗೆ ಬಂದ ಹೊತ್ತಿನ ಕಲಂ ಖಾಲಿ;
ಪುಸ್ತಕದ ಪ್ರಕಾರ ಅವಳಿನ್ನೂ ಒಳಗೇ ಇದ್ದಾಳೆ.
ಆಫೀಸಿನವರು ಸಂಬಳದಲ್ಲಿ ಮುನ್ನೂರು ಕ್ರೌನ್ ಮುರಿದುಕೊಂಡರು.

ಅಕ್ಟೋಬರಿನಲ್ಲಿ ಲಕೋಟೆ. ಬೀಗದಕೈ,
ಹತ್ತಿಯಲ್ಲಿ ಸುತ್ತಿದ ಒಂದು ಜೊಂಡು, ಚೀಟಿ:
ಮನೆಯಲ್ಲಿ ಕೆತ್ತಿದ್ದು, ಅಲ್ಲಿ ಕೂಗುವುದಿಲ್ಲ, ಊದಬೇಡಿ.
ಸಹಿ, ಎಲ್ಸಿರಾ ತಿಕೋನೊವಾ.
ಸಾಣೆಕಲ್ಲಿನ ಸುದ್ದಿಯೇ ಇಲ್ಲ.

ಊದದೆ ಇರಲಾದೀತೆ? ಪರದೆ ಎಳೆದು ಊದಿದೆ.
ಕಾಗೆಯಿಲ್ಲ. ಬರೀ ಉಸಿರು,
ನನ್ನದೇ, ಒಂದಿಷ್ಟು ಉಬ್ಬಸದ್ದು.
ಯಾರೋ ಗಾಜು ತಟ್ಟಿದರು. ತುತ್ತೂರಿ ಹುಡುಗ,
ಹೊಸಬ, ಹದಿನಾಲ್ಕು ಬೇಕೆಂದ.
ಒಳಗೆ ಆಗಲೇ ಒಬ್ಬರಿದ್ದಾರೆ ಎಂದು
ಹನ್ನೊಂದು ಕೊಟ್ಟೆ.